ಶಾಲು ಹೊದಿಸಿದ ಮೇಲೆ

ಚಾಮರಾಜನಗರದಲ್ಲಿ ನಾನು ಕೆಲಸ ಮಾಡುವುದು ಒಂದು ಸಣ್ಣ ಸಂಸ್ಥೆಯಲ್ಲಿ. ಬೀದಿಯ ಜನ ತಾವೇ ಕಟ್ಟಿಕೊಂಡ ಸಂಘಗಳಿಗೆ ಬೆಂಬಲವಾಗಿ ನಿಲ್ಲುವುದು ಅದರ ಉದ್ದೇಶ. ಸೇರಿದಾಗ ನನಗೆ ಮೂವತ್ತಾರು ವರ್ಷ. ಅದಕ್ಕೆ ಮೊದಲು ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರಿನಲ್ಲಿ ಅರ್ಜಿಗಳನ್ನು ತುಂಬಿಸುತ್ತಿದ್ದೆ. ಅರ್ಜಿಯಲ್ಲಿ ಖಾಲಿ ಜಾಗವಿರುತ್ತದೆ, ಅಲ್ಲಿ ಏನು ಬರೆಯಬೇಕೆಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೊಸ ಕೆಲಸದಲ್ಲಿ ಅಂಥದ್ದೇನೂ ಇರಲಿಲ್ಲ. ‘ಬೆಂಬಲ’ ಎಂದರೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಏನು ಮಾಡುವುದು ಎಂದು ನಮ್ಮ ಸಂಯೋಜಕರನ್ನು ಕೇಳಿದೆ. ‘ಅವರ ಜೊತೆಗಿರಿ, ಗೊತ್ತಾಗುತ್ತೆ’ ಎಂದರು. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲವೇನೋ ಎಂಬ ಅನುಮಾನ ನನಗೆ ಆಗಲೇ ಬಂದಿತ್ತು.

ನಮ್ಮವ್ವ ಕುದೇರಿನ ಕಡೆಯವಳು. ಈ ಕೆಲಸದ ವಿಷಯ ಕೇಳಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

‘ಅವ್ರ ಬೀದಿ ಅವ್ರು ನೋಡ್ಕತಾರೆ. ನೀನು ಬಸ್ ಅತ್ಕಂಡು ಓಗಿ ಏನ್ಮಾಡೀಯೆ?’

 ‘ಟ್ರೈನಿಂಗ್ ಕೊಡ್ತೀನಿ’ ಎಂದೆ.

ನನಗೆ ವಹಿಸಿದ್ದು ಗುಂಡ್ಲುಪೇಟೆ. ತೆರಕಣಾಂಬಿ ಮೇಲಿನ ಬಸ್ಸು ಹಿಡಿದರೆ ಒಂದು ಗಂಟೆಯ ಮೇಲೆ ಸ್ವಲ್ಪ. ಅಲ್ಲಿ ಊಟಿ ರಸ್ತೆಯ ಕಡೆ, ಊರು ಮುಗಿದು ಹೊಲ ಶುರುವಾಗುವ ಅಂಚಿನಲ್ಲಿ ಎರಡು ಬೀದಿಗಳಿವೆ. ಮೇಲಿನ ಬೀದಿಯಲ್ಲಿ ಅಂಗಡಿ ವ್ಯಾಪಾರದವರು, ಜಮೀನಿದ್ದು ಊರಿಂದ ಬಂದು ಮನೆ ಕಟ್ಟಿದವರು, ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆಗಳು. ಕೆಳಗಿನ ಬೀದಿಯಲ್ಲಿ ಕೂಲಿಯವರು, ಗಾರೆ ಕೆಲಸದವರು, ಹೂವಿನ ಹೊಲಕ್ಕೆ ಹೋಗುವ ಹೆಂಗಸರು. ಎರಡು ಬೀದಿ ಸೇರುವ ಮೂಲೆಯಲ್ಲಿ ಒಂದು ಹಿಟ್ಟಿನ ಮಿಲ್ಲು. ರಾಗಿ ಎಲ್ಲರ ಮನೆಯಲ್ಲೂ ಬೀಸಲೇಬೇಕಲ್ಲ, ಎರಡು ಬೀದಿಯ ಡಬ್ಬಗಳೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಎರಡು ಬೀದಿಗೂ ಸೇರಿ ಒಂದೇ ಸಂಘವಿತ್ತು. ನಮ್ಮ ಪಟ್ಟಿಯಲ್ಲಿದ್ದ ಬೇರೆ ಯಾವ ಸಂಘವೂ ಹಾಗಿರಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂದು ತಿಳಿದು ಬರೆದುಕೊಂಡು ಬರಬೇಕೆಂಬುದೂ ನನ್ನ ಕೆಲಸದಲ್ಲಿ ಸೇರಿತ್ತು.

ಮಿಲ್ಲು ನಡೆಸುತ್ತಿದ್ದವರು ಮೇಲಿನ ಬೀದಿಯ ಒಬ್ಬ ಹೆಂಗಸು. ಐವತ್ತು ದಾಟಿದ ವಯಸ್ಸು, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟಿನ ಪುಡಿ. ಅವರ ಗಂಡ ತರಕಾರಿ ತುಂಬಿಕೊಂಡು ಕೇರಳದ ಕಡೆ ಟೆಂಪೊ ಓಡಿಸುತ್ತಿದ್ದರು, ಮನೆಯಲ್ಲಿರುತ್ತಿದ್ದುದು ಕಡಿಮೆ. ಎಲ್ಲರೂ ಆಕೆಯನ್ನು ಮಿಲ್ಲಕ್ಕ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಸಂಘದ ಅಧ್ಯಕ್ಷೆ ಅವರೇ. ಕೆಳಗಿನ ಬೀದಿಯ ಗಾರೆಯಣ್ಣ ಅವರ ಬಲಗೈ. ನೆಲದೊಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದು ಪುರಸಭೆಯ ವಾಟರ್‌ಮನ್‌ಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು, ಯಾಕೆಂದರೆ ಹೂಳಿದ್ದೇ ಅವರು. ನಿವೃತ್ತ ಮೇಷ್ಟ್ರು ಒಬ್ಬರಿದ್ದರು, ಮೇಲಿನ ಬೀದಿಯವರು, ಅರ್ಜಿ ಬರೆಯುವುದಕ್ಕೆ.

ಸಂಘ ಹುಟ್ಟಿದ್ದು ಹೇಗೆ ಎಂದು ಮೊದಲ ದಿನವೇ ಕೇಳಿದೆ. ಕಾಡಿನ ರಸ್ತೆಯ ಗೇಟು ರಾತ್ರಿ ಮುಚ್ಚುವುದರಿಂದ ಲಾರಿಗಳೆಲ್ಲ ಊರ ಹೊರಗೆ ಸಾಲು ನಿಲ್ಲುತ್ತವೆ. ಒಂದು ಬೆಳಿಗ್ಗೆ ಹಾಗೆ ನಿಂತ ಲಾರಿಯೊಂದು ಬೀದಿಯ ಬಾಯಿಗೆ ಅಡ್ಡವಾಗಿತ್ತು. ಕೆಳಗಿನ ಬೀದಿಯ ಒಬ್ಬಳು ತುಂಬು ಬಸುರಿ ಆಟೊದಲ್ಲಿ ಕೂತು ನೋವು ತಿನ್ನುತ್ತಿದ್ದಳು. ಇಲ್ಲಿಯವರೆಗೆ ಎಲ್ಲರೂ ಹೇಳುವುದು ಒಂದೇ. ಮುಂದಿನದು ಬೇರೆ ಬೇರೆ. ತಾವು ಪೊಲೀಸರಿಗೆ ಫೋನ್ ಮಾಡಿದ್ದರಿಂದ ಲಾರಿ ಹೊರಟಿತು ಎಂದು ಮೇಷ್ಟ್ರು ಹೇಳಿದರು. ಪೊಲೀಸರು ಬಂದೇ ಇಲ್ಲ, ನಾವು ಐದಾರು ಜನ ಮೋರಿಯ ಮೇಲೆ ಚಪ್ಪಡಿ ಹಾಕಿ ಆಟೊ ದಾಟಿಸಿದೆವು ಎಂದು ಗಾರೆಯಣ್ಣ ಹೇಳಿದರು. ಮಿಲ್ಲಕ್ಕ ನಕ್ಕುಬಿಟ್ಟರು.

‘ಡ್ರೈವರ್ ನಿದ್ದೆ ಮಾಡ್ತಿದ್ದ. ಓಗಿ ಮಲಯಾಳದಲ್ಲಿ ಎಬ್ಬಿಸ್ದೆ. ಎದ್ದು ತೆಗೆದ. ಅಷ್ಟೇಯ.’

ಹೇಗಾದರಾಗಲಿ, ಮಗು ಹುಟ್ಟಿತು. ನಾನು ಹೋಗುವ ಹೊತ್ತಿಗೆ ಅದು ಅಂಗನವಾಡಿಗೆ ಹೋಗುತ್ತಿತ್ತು. ನನ್ನ ವರದಿಯಲ್ಲಿ ಮೂರನ್ನೂ ಬರೆದೆ. ಸಂಯೋಜಕರು ಅದನ್ನು ಓದಿ, ‘ಯಾವುದಾದರೂ ಒಂದನ್ನ ಇಟ್ಟುಕೊಳ್ಳಿ’ ಎಂದರು.

ಮೊದಲ ಎರಡು ಮೂರು ತಿಂಗಳು ನಾನು ಮಾಡಿದ್ದು ಸಂಘಕ್ಕೆ ಒಂದು ಸ್ವರೂಪ ಕೊಡುವ ಕೆಲಸ. ಒಂದು ದಪ್ಪ ರಿಜಿಸ್ಟರ್ ಕೊಡಿಸಿದೆ. ಸಭೆಗೆ ಮೊದಲು ವಿಷಯಗಳ ಪಟ್ಟಿ, ಸಭೆಯ ನಂತರ ನಿರ್ಣಯ, ಕೆಳಗೆ ಸಹಿಗಳು. ಎರಡು ವಾರಕ್ಕೊಮ್ಮೆ ಭಾನುವಾರ ನಾಲ್ಕು ಗಂಟೆಗೆ ಮಿಲ್ಲಿನ ಜಗಲಿಯ ಮೇಲೆ ಸಭೆ ಎಂದು ಗೊತ್ತು ಮಾಡಿದೆ. ನಾಲ್ಕಕ್ಕೆ ನಾನೊಬ್ಬಳೇ ಇರುತ್ತಿದ್ದೆ. ಐದೂವರೆಗೆ ಒಬ್ಬೊಬ್ಬರಾಗಿ ಬಂದು, ಎಲ್ಲರೂ ಒಟ್ಟಿಗೆ ಮಾತಾಡಿ, ಮಧ್ಯದಲ್ಲಿ ಯಾರದೋ ಮನೆಯ ಎಮ್ಮೆಯ ವಿಷಯ ಬಂದು, ಇದ್ದಕ್ಕಿದ್ದಂತೆ ಎದ್ದು ಹೋಗಿಬಿಡುತ್ತಿದ್ದರು. ಒಂದು ಸಲ ಮೋರಿಯ ಒಡೆದ ಚಪ್ಪಡಿಯ ವಿಷಯ ಪಟ್ಟಿಯಲ್ಲಿತ್ತು. ನಾನು ಕೂತು ಗಮನವಿಟ್ಟು ಕೇಳಿದೆ. ಯಾವ ತೀರ್ಮಾನವೂ ಆಗಲಿಲ್ಲ. ‘ಮುಂದಿನ ಸಭೆಗೆ ಮುಂದೂಡಲಾಗಿದೆ’ ಎಂದು ಬರೆದೆ. ಮುಂದಿನ ಸಲ ಹೋದರೆ ಹೊಸ ಚಪ್ಪಡಿ ಕೂತು ಅದರ ಮೇಲೆ ಕೋಳಿ ಓಡಾಡುತ್ತಿತ್ತು.

‘ಇದು ಯಾವಾಗ ತೀರ್ಮಾನ ಆಯ್ತು?’ ಎಂದು ಗಾರೆಯಣ್ಣನನ್ನು ಕೇಳಿದೆ.

‘ಆವತ್ತೇ ಆಯ್ತಲ್ಲ ಮೇಡಂ’ ಎಂದು ಅವರಿಗೇ ಆಶ್ಚರ್ಯ. ‘ನೀವೂ ಇದ್ರಲ್ಲ.’

ನಾನು ರಿಜಿಸ್ಟರ್ ತೆಗೆದು ನೋಡಿದೆ. ನನ್ನದೇ ಅಕ್ಷರ. ಎಲ್ಲಿ ತಪ್ಪಿಸಿಕೊಂಡೆ ಎಂದು ಬಸ್ಸಿನಲ್ಲಿ ಮನೆಯವರೆಗೂ ಯೋಚಿಸಿದೆ. ಎಮ್ಮೆಯ ಮಾತು ಬಂದಾಗಲೋ, ಅದಕ್ಕೂ ಮೊದಲೋ, ಗೊತ್ತಾಗಲಿಲ್ಲ.

ಸುಮಾರು ಒಂದು ವರ್ಷ ಹೀಗೇ ಹೋಯಿತು. ನಾನು ಇಲ್ಲದಿದ್ದರೂ ಇವರೆಲ್ಲ ಇಷ್ಟನ್ನೂ ಮಾಡುತ್ತಿದ್ದರು ಎಂದು ಒಂದೊಂದು ದಿನ ಅನ್ನಿಸುತ್ತಿತ್ತು. ಇನ್ನೊಂದು ದಿನ ಮಿಲ್ಲಕ್ಕ ದೂರದಿಂದಲೇ ನನ್ನನ್ನು ಕಂಡು, ‘ಬಾ ಕಣವ್ವ, ನಿಂಗೇ ಕಾಯ್ತಿದ್ದೆ’ ಎಂದು ಮಿಲ್ಲು ನಿಲ್ಲಿಸಿ ಹೊರಗೆ ಬರುತ್ತಿದ್ದರು. ಆಗ ನನ್ನಿಂದ ಏನೋ ಆಗುತ್ತಿದೆ ಎನ್ನಿಸುತ್ತಿತ್ತು. ಏನು ಎಂದು ಕೇಳಿದರೆ ಹೇಳಲಾರೆ.

ಆ ವರ್ಷ ನಮ್ಮ ಸಂಸ್ಥೆ ಚಾಮರಾಜನಗರದಲ್ಲಿ ಸಂಘಗಳ ಸ್ವಯಂಸೇವಕರಿಗೆಲ್ಲ ಸನ್ಮಾನ ಇಟ್ಟುಕೊಂಡಿತು. ಸಂಬಳ ಸಾರಿಗೆ ಏನೂ ಇಲ್ಲದೆ ಬೀದಿಗಾಗಿ ದುಡಿಯುವವರನ್ನು ಒಂದು ದಿನ ವೇದಿಕೆಯ ಮೇಲೆ ಕೂರಿಸಬೇಕು ಎಂಬ ಯೋಚನೆ. ಅದು ನನಗೆ ಬಹಳ ಇಷ್ಟವಾಗಿತ್ತು. ಸಂಘಕ್ಕೆ ಒಬ್ಬರಂತೆ ಹೆಸರು ಕಳಿಸಿ ಎಂದರು. ನಾನು ಮಿಲ್ಲಕ್ಕನ ಹೆಸರು ಬರೆದೆ. ಬೇರೆ ಯಾರ ಹೆಸರು ಬರೆಯಲು ಸಾಧ್ಯ ಎಂದು ಆಗ ಒಂದು ಗಳಿಗೆಯೂ ಯೋಚಿಸಲಿಲ್ಲ. ಅವರಿಗೆ ಹೇಳಿದಾಗ ‘ನಾನೊಬ್ಬಳೇನಾ’ ಎಂದು ಕೇಳಿದಂತೆ ನೆನಪು. ನಾನು ಹೌದು ಎಂದಂತೆಯೂ ನೆನಪು. ಆದರೆ ಇದು ನಿಜವಾಗಿ ನಡೆದದ್ದೋ, ಆಮೇಲೆ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡದ್ದೋ ಈಗ ಹೇಳುವುದು ಕಷ್ಟ.

ಸನ್ಮಾನದ ದಿನ ಮೇಲಿನ ಬೀದಿಯ ಏಳೆಂಟು ಹೆಂಗಸರು ಮಿಲ್ಲಕ್ಕನ ಗಂಡನ ಟೆಂಪೊದಲ್ಲಿ ಬಂದರು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತು ಬಂದರು. ಕೆಳಗಿನ ಬೀದಿಯವರು ಯಾರೂ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಹೂವು ಕೊಡುತ್ತಿದ್ದೆ, ಅದನ್ನು ಗಮನಿಸಲಿಲ್ಲ. ಮಿಲ್ಲಕ್ಕ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಹಿಟ್ಟಿಲ್ಲದ ಆ ಮುಖ ನನಗೆ ತಟ್ಟನೆ ಗುರುತು ಸಿಗಲಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದರು.

‘ನಾನು ಇಟ್ಟು ಬೀಸೋಳು. ಇವ್ರೆಲ್ಲ ನನ್ನ ಕರ್ದು ಶಾಲು ಹಾಕವ್ರೆ. ಸಂತೋಷ’ ಎಂದು ಮೈಕು ವಾಪಸ್ಸು ಕೊಟ್ಟರು.

ಎಷ್ಟು ಸರಳ ಹೆಂಗಸು ಎಂದು ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಎರಡು ವಾರ ಬಿಟ್ಟು ಭಾನುವಾರ ಗುಂಡ್ಲುಪೇಟೆಗೆ ಹೋದೆ. ಐದೂವರೆ ಆಯಿತು, ಆರಾಯಿತು, ಜಗಲಿಗೆ ಯಾರೂ ಬರಲಿಲ್ಲ. ಮಿಲ್ಲು ಓಡುತ್ತಲೇ ಇತ್ತು. ನಾನು ಬಂದದ್ದು ನೋಡಿದ್ದರೂ ಮಿಲ್ಲಕ್ಕ ಹೊರಗೆ ಬರಲಿಲ್ಲ. ಕೊನೆಗೆ ಡಬ್ಬಗಳೆಲ್ಲ ಮುಗಿದ ಮೇಲೆ ಬೆಲ್ಟು ನಿಲ್ಲಿಸಿ, ಒಂದು ಬಟ್ಟೆ ಚೀಲವನ್ನು ತಂದು ನನ್ನ ಮಡಿಲಲ್ಲಿ ಇಟ್ಟರು. ಒಳಗೆ ನಾನು ಕೊಡಿಸಿದ ರಿಜಿಸ್ಟರ್, ಸಂಘದ ಸೀಲು, ಸ್ಟಾಂಪ್ ಪ್ಯಾಡು.

‘ತಗಳವ್ವ. ನಂಗೆ ಸಾಕು.’

‘ಯಾಕಕ್ಕ, ಏನಾಯ್ತು?’

‘ಏನಾಗದು? ಮಿಲ್ಲಿಗೇ ಟೈಮ್ ಸಾಲ್ದು ನಂಗೆ.’

ಅಷ್ಟು ವರ್ಷ ಸಾಕಾಗಿದ್ದ ಟೈಮು ಎರಡೇ ವಾರದಲ್ಲಿ ಹೇಗೆ ಸಾಲದೆ ಹೋಯಿತು? ಕೇಳಬೇಕೆಂದುಕೊಂಡೆ, ಅವರ ಮುಖ ನೋಡಿ ಕೇಳಲಿಲ್ಲ. ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ. ನಾನು ಏನೋ ಮಾಡಿದ್ದೇನೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಮುಂದಿನ ವಾರ ರಜೆ ಹಾಕಿ ಹೋದೆ. ಮೊದಲು ಮೇಷ್ಟ್ರ ಮನೆ. ಅವರು ನನ್ನನ್ನು ಕೂರಿಸಿ ಕಾಫಿ ತರಿಸಿ, ದನಿ ತಗ್ಗಿಸಿ ಹೇಳಿದರು. ‘ಕೆಳಗಲ ಬೀದಿಯೋರು ಮುನಿಸ್ಕಂಡವ್ರೆ. ಶಾಲು ಮೇಲಲ ಬೀದಿಗೆ ಓಯ್ತು ಅಂತ. ನಾವೇನು ಬ್ಯಾಡ ಅಂದ್ವಾ? ಟೆಂಪೊದಲ್ಲಿ ಜಾಗ ಇತ್ತು, ಅತ್ಕಂಡು ಬರಬೋದಾಗಿತ್ತು. ನೀವು ತಲೆ ಕೆಡಿಸ್ಕಬ್ಯಾಡಿ.’

ಅಲ್ಲಿಂದ ಗಾರೆಯಣ್ಣನ ಮನೆ. ಅವರು ಬಾಗಿಲ ಬಳಿ ಕೂತು ಕರಣೆಗೆ ಅಂಟಿದ ಸಿಮೆಂಟು ಕೆರೆಯುತ್ತಿದ್ದರು. ಅವರ ಹೆಂಡತಿ ಒಳಗೆ ಹೂವು ಕಟ್ಟುತ್ತಿದ್ದರು.

‘ಹಂಗೇನಿಲ್ಲ ಮೇಡಂ. ಆವತ್ತು ನಂಗೆ ಭೀಮನಬೀಡಿನಲ್ಲಿ ಒಂದು ಮನೆ ತಾರ್ಸಿ ಮೋಲ್ಡಿಂಗ್ ಇತ್ತು. ಅದ್ಕೇ ಬರ್ನಿಲ್ಲ’ ಎಂದರು.

‘ಮೋಲ್ಡಿಂಗ್ ಮಾರ್ನೇ ದಿನ ಇದ್ದುದ್ದು’ ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ‘ಕರೀನಿಲ್ಲ, ಅದ್ಕೆ ಬರ್ನಿಲ್ಲ. ಯಾರೂ ಕರೀನಿಲ್ಲ.’

‘ನೀನು ಸುಮ್ಕಿರಮ್ಮಿ’ ಎಂದರು ಗಾರೆಯಣ್ಣ, ಕರಣೆಯಿಂದ ತಲೆಯೆತ್ತದೆ.

ಕರೆಯಬೇಕಾಗಿದ್ದುದು ಯಾರು ಎಂದು ನಾನು ಆ ಬಾಗಿಲಲ್ಲಿ ನಿಂತು ಯೋಚಿಸಿದೆ. ಮಿಲ್ಲಕ್ಕನೋ? ನಾನೋ? ನಾನು ಅಧ್ಯಕ್ಷೆಗೆ ಹೇಳಿದ್ದೆ, ಅವರು ಎಲ್ಲರಿಗೂ ಹೇಳುತ್ತಾರೆ ಎಂದುಕೊಂಡಿದ್ದೆ. ಸಂಸ್ಥೆಯ ಮೇಡಂ ಎಲ್ಲರಿಗೂ ಹೇಳಿರುತ್ತಾಳೆ ಎಂದು ಅವರು ಅಂದುಕೊಂಡಿದ್ದರೇನೋ.

ಮೇಲಿನ ಬೀದಿಯ ಹೆಂಗಸೊಬ್ಬರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಮೂರನೆಯ ಕಾರಣ ಹೇಳಿದರು. ಪೇಪರಿನಲ್ಲಿ ಮಿಲ್ಲಕ್ಕನ ಫೋಟೊ ಬಂದದ್ದು ಗಂಡನ ಮನೆಯವರಿಗೆ ಸರಿ ಬೀಳಲಿಲ್ಲವಂತೆ. ‘ಊರು ತಿದ್ದೋಕೆ ಒಂಟವ್ಳೆ’ ಎಂದು ನಾದಿನಿ ಅಂದಳಂತೆ. ಒಂದು ಶಾಲಿಗೆ ಮೂರು ಕಾರಣ. ಮೂರೂ ನಿಜವಿರಬಹುದು, ಮೂರೂ ಸುಳ್ಳಿರಬಹುದು. ಈ ಸಲ ವರದಿಯಲ್ಲಿ ಏನನ್ನೂ ಬರೆಯಲಿಲ್ಲ.

ಸರಿಪಡಿಸಬೇಕೆಂಬ ಆತುರದಲ್ಲಿ ನಾನು ಇನ್ನೊಂದು ದಡ್ಡ ಕೆಲಸ ಮಾಡಿದೆ. ಚಾಮರಾಜನಗರದ ಅಂಗಡಿಯಲ್ಲಿ ಒಂದು ಶಾಲು ಕೊಂಡು ಗಾರೆಯಣ್ಣನ ಮನೆಗೆ ತೆಗೆದುಕೊಂಡು ಹೋದೆ. ಎರಡು ಬೀದಿಯವರನ್ನೂ ಸೇರಿಸಿ ಜಗಲಿಯ ಮೇಲೇ ಅವರಿಗೂ ಸನ್ಮಾನ ಮಾಡೋಣ, ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವರು ಶಾಲನ್ನು ಕೈಯಲ್ಲಿ ಮುಟ್ಟಿ ನೋಡಿ ಮಡಿಸಿ ನನಗೇ ಕೊಟ್ಟರು.

‘ನಂಗ್ಯಾಕೆ ಮೇಡಂ ಇದು? ಗಾರೆ ಕಲಸೋವಾಗ ಒದ್ಕಳಾಕಾಯ್ತದಾ?’

ನಗುತ್ತಲೇ ಹೇಳಿದರು. ಆದರೆ ಅವರ ಹೆಂಡತಿ ನಗಲಿಲ್ಲ. ಕಟ್ಟುತ್ತಿದ್ದ ಹೂವನ್ನು ಬಿಟ್ಟು ಎದ್ದು ಒಳಗೆ ಹೋದರು. ಕೇಳಿ ಪಡೆದ ಮರ್ಯಾದೆ ಎಂದು ಅವರಿಗೆ ಅನ್ನಿಸಿರಬೇಕು. ನಾನು ಬೇಗ ಬೇಗ ಎದ್ದು ಬಂದೆ. ಆ ಶಾಲು ಈಗಲೂ ನಮ್ಮ ಮನೆಯ ಬೀರುವಿನಲ್ಲಿದೆ, ಬೀಗರು ಬಂದರೆ ಯಾರಿಗಾದರೂ ಕೊಡೋಣವೆಂದು ಅವ್ವ ಎತ್ತಿಟ್ಟಿದ್ದಾಳೆ.

ಆ ಸಂಘಕ್ಕೆ ಹೊಸ ಅಧ್ಯಕ್ಷರು ಯಾರು ಎಂದು ಕಚೇರಿಯಲ್ಲಿ ಕೇಳತೊಡಗಿದರು. ನಾನು ಎರಡು ಬೀದಿಯಲ್ಲೂ ಮನೆ ಮನೆಗೆ ಹೋಗಿ ಆಯ್ಕೆ ಸಭೆಗೆ ಬನ್ನಿ ಎಂದು ಹೇಳಿ ಬಂದೆ. ಎಲ್ಲರೂ ‘ಬತ್ತೀವಿ ಬುಡಿ ಮೇಡಂ’ ಎಂದರು. ಆ ಭಾನುವಾರ ಬಂದದ್ದು ಒಬ್ಬರೇ, ಕೆಳಗಿನ ಬೀದಿಯ ಒಬ್ಬ ಮುದುಕಿ. ಜಗಲಿಯ ಮೇಲೆ ನನ್ನ ಪಕ್ಕ ಕೂತು ಎಲೆ ಅಡಿಕೆ ಬಿಚ್ಚಿದರು.

‘ಯಾರ ಮನೆಗೆ ಬಂದಿದ್ದೀಯವ್ವ?’

‘ಸಂಘಕ್ಕೆ ಬಂದಿದ್ದೀನಿ ಅಜ್ಜಿ.’

‘ಯಾವ ಸಂಗ?’

‘ಈ ಬೀದಿಯದ್ದೇ.’

‘ಓ’ ಎಂದು ಅವರು ನನಗೂ ಒಂದು ಎಲೆ ಕೊಟ್ಟರು. ನಾನು ಎಲೆ ಹಾಕುವವಳಲ್ಲ, ಆದರೆ ಅಂದು ಹಾಕಿಕೊಂಡೆ. ಇಬ್ಬರೂ ಆರು ಗಂಟೆಯವರೆಗೆ ಕೂತಿದ್ದೆವು. ಬೇರೆ ಯಾರೂ ಬರಲಿಲ್ಲ. ಈ ಸಂಘ ಮುಗಿಯಿತು, ಮುಗಿಸಿದವಳು ನಾನು ಎಂದುಕೊಂಡು ಊರಿಗೆ ಮರಳಿದೆ.

ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಹರದನಹಳ್ಳಿ ರಸ್ತೆಯ ಕಡೆ ಒಂದು ಹೊಸ ಬಡಾವಣೆಯ ಕೆಲಸ ಇತ್ತು, ಅದನ್ನೇ ನೆಪ ಮಾಡಿಕೊಂಡೆ. ಆಮೇಲೆ ಪುರಸಭೆಗೆ ಒಂದು ಕಾಗದ ಮುಟ್ಟಿಸುವುದಿತ್ತು, ಗುಂಡ್ಲುಪೇಟೆಗೆ ಹೋಗಲೇಬೇಕಾಯಿತು. ಕಾಗದ ಕೊಟ್ಟು ಮನಸ್ಸು ತಡೆಯದೆ ಮಿಲ್ಲಿನ ಕಡೆ ನಡೆದೆ. ಹನ್ನೊಂದು ಗಂಟೆಯ ಬಿಸಿಲು. ಬೀದಿಯ ಬಾಯಲ್ಲಿ ನೀರು ಆಳೆತ್ತರ ಚಿಮ್ಮುತ್ತಿತ್ತು. ಮೇಲಿನ ಬೀದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ಅವರಿಗೆ ಇಟ್ಟಿಗೆ ತಂದ ಲಾರಿ ಹಿಂದಕ್ಕೆ ಬರುವಾಗ ಪೈಪಿನ ಮೇಲೆ ಹತ್ತಿ ಅದನ್ನು ಒಡೆದಿತ್ತು.

ಮಿಲ್ಲು ನಿಂತಿತ್ತು. ಮಿಲ್ಲಕ್ಕ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ನೀರು ಕೆಳಗಿನ ಬೀದಿಯ ಮನೆಗಳಿಗೆ ನುಗ್ಗದಂತೆ ಮರಳಿನ ಚೀಲ ಎಳೆದು ಹಾಕುತ್ತಿದ್ದರು. ಆಚೆ ಈಚೆ ಎರಡೂ ಬೀದಿಯ ಹೆಂಗಸರು. ಗಾರೆಯಣ್ಣ ಸೊಂಟದವರೆಗೆ ಗುಂಡಿಯಲ್ಲಿ ನಿಂತು ಕೆಸರಿನೊಳಗೆ ಕೈ ಹಾಕಿ ಹುಡುಕುತ್ತಿದ್ದರು. ಮೇಷ್ಟ್ರು ಕಿವಿಗೆ ಫೋನು ಹಿಡಿದು ಪುರಸಭೆಯವರೊಂದಿಗೆ ಜೋರಾಗಿ ಮಾತಾಡುತ್ತಿದ್ದರು. ಯಾರಿಗೂ ಯಾರೂ ಇಂಥದ್ದು ಮಾಡಿ ಎಂದು ಹೇಳುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಂದು ಮರಳಿನ ಚೀಲಕ್ಕೆ ಕೈ ಹಾಕಿದೆ.

‘ಮೇಡಂ, ನೀವು ಸ್ವಲ್ಪ ಅತ್ಲಾಗಿ ನಿಂತ್ಕಳಿ’ ಎಂದರು ಯಾರೋ. ನಿಂತುಕೊಂಡೆ.

ಅಲ್ಲಿ ನಿಂತ ಮೇಲೆ ಇನ್ನೊಂದು ಕಂಡಿತು. ಮಿಲ್ಲಕ್ಕ ಮತ್ತು ಗಾರೆಯಣ್ಣ ಪರಸ್ಪರ ಮಾತಾಡುತ್ತಿರಲಿಲ್ಲ. ‘ಮೇಲ್ಗಡೆ ನೀರಿನ ವಾಲ್ವ್ ನಿಲ್ಸಕ್ಕೆ ಏಳಿ’ ಎಂದು ಗಾರೆಯಣ್ಣ ಪಕ್ಕದವರಿಗೆ ಹೇಳುವರು. ‘ನಿಲ್ಸಾಯ್ತು ಅಂತ ಏಳಿ ಅವ್ರಿಗೆ’ ಎಂದು ಮಿಲ್ಲಕ್ಕ ಇನ್ನೊಬ್ಬರಿಗೆ ಹೇಳುವರು. ಇಬ್ಬರ ಮಧ್ಯೆ ನಾಲ್ಕು ಮಾರು ದೂರವೂ ಇರಲಿಲ್ಲ. ಹೀಗೆ ಒಂದೂವರೆ ಗಂಟೆ ಕೆಲಸ ಮಾಡಿದರು. ಪೈಪು ಕೂತಿತು, ಮಣ್ಣು ಮುಚ್ಚಿತು. ಯಾರೂ ಒಬ್ಬರಿಗೊಬ್ಬರು ಶಹಬ್ಬಾಸ್ ಎನ್ನಲಿಲ್ಲ. ಕೈಕಾಲು ತೊಳೆದು ತಮ್ಮ ತಮ್ಮ ಮನೆಗೆ ಹೋದರು. ಸಂಘ ಇದೆಯೋ ಇಲ್ಲವೋ ಎಂದು ಆ ದಿನ ನನ್ನನ್ನು ಯಾರಾದರೂ ಕೇಳಿದ್ದರೆ ಏನು ಹೇಳಬೇಕೆಂದು ನನಗೆ ತೋಚುತ್ತಿರಲಿಲ್ಲ.

ನಾನು ಮಿಲ್ಲಿನ ಒಳಗೆ ಹೋಗಿ ಕೂತೆ. ಮಿಲ್ಲಕ್ಕ ಒದ್ದೆ ಸೀರೆಯ ಸೆರಗು ಹಿಂಡುತ್ತಿದ್ದರು. ಈಗ ಕೇಳದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎನ್ನಿಸಿತು.

‘ಅಕ್ಕ, ನನ್ನಿಂದ ಹಿಂಗಾಯ್ತಾ? ನಿಮ್ಮೊಬ್ಬರ ಹೆಸರು ಕೊಟ್ಟಿದ್ದಕ್ಕೆ?’

ಅವರು ಡಬ್ಬದ ಮುಚ್ಚಳವೊಂದನ್ನು ತೆಗೆದರು, ಮತ್ತೆ ಹಾಕಿದರು.

‘ನಿಂದೇನೂ ತಪ್ಪಿಲ್ಲ ಕಣವ್ವ. ನಂಗೆ ಆ ಶಾಲು ಇಷ್ಟ ಆಗೋಯ್ತು. ಅದೇ ಆಗಿದ್ದು.’

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು.

‘ಇಷ್ಟೊರ್ಷ ಯಾರೂ ನನ್ನ ಮೇಲ್ಗಡೆ ಕೂರಿಸಿರ್ನಿಲ್ಲ. ಅಷ್ಟು ಜನ ಚಪ್ಪಾಳೆ ಒಡುದ್ರಲ್ಲ, ನಂಗೆ ಒಟ್ಟೆ ತುಂಬೋಯ್ತು. ಮೈಕು ಕೊಟ್ರಲ್ಲ ಕೈಗೆ? ಆವಾಗ ಅವ್ರ ಎಸ್ರು ಏಳ್ಬೋದಾಗಿತ್ತು. ನಮ್ಮ ಗಾರೆ ಅಣ್ಣ ಇಲ್ದಿದ್ರೆ ನಾನ್ಯಾವ ಲೆಕ್ಕ ಅಂತ ಒಂದ್ ಮಾತು. ನೆಪ್ಪೇ ಆಗ್ನಿಲ್ಲ ಕಣವ್ವ. ಟೆಂಪೊ ಅತ್ತಿ ತೆರಕಣಾಂಬಿ ದಾಟೋಗಂಟ ನೆಪ್ಪಾಗ್ನಿಲ್ಲ. ಆಮೇಲೆ ನೆಪ್ಪಾಯ್ತು. ಇನ್ನ ಅವ್ರ ಮುಂದೆ ಎಂಗೆ ಕೂತ್ಕಂಡು ಅಧ್ಯಕ್ಷೆ ಅನ್ನಿಸ್ಕಳದು?’

ನಾನು ಏನಾದರೂ ಸಮಾಧಾನ ಹೇಳಬೇಕಾಗಿತ್ತು. ಗಾರೆಯಣ್ಣನಿಗೆ ಅದೆಲ್ಲ ಮನಸ್ಸಿನಲ್ಲಿಲ್ಲ ಎನ್ನಬಹುದಾಗಿತ್ತು, ಆದರೆ ಅವರ ಹೆಂಡತಿಯ ಮಾತು ಕಿವಿಯಲ್ಲಿತ್ತು. ಇಷ್ಟಪಡುವುದರಲ್ಲಿ ತಪ್ಪೇನಿದೆ ಎನ್ನಬಹುದಾಗಿತ್ತು, ಆದರೆ ಅವರು ನನ್ನನ್ನು ಅದನ್ನು ಕೇಳಿರಲಿಲ್ಲ. ತಪ್ಪು ನನ್ನದಲ್ಲವೆಂದು ಅವರೇ ಹೇಳಿದ್ದರು. ಅದರಿಂದ ಹಗುರವಾಗಬೇಕಿತ್ತು. ಬದಲಿಗೆ ಇನ್ನೂ ಭಾರವಾಯಿತು, ಯಾಕೆಂದರೆ ಆ ಶಾಲನ್ನು ಅವರ ಮುಂದೆ ಹಿಡಿದವಳು ನಾನೇ. ಒಬ್ಬ ಹೆಂಗಸಿಗೆ ಅಪರೂಪಕ್ಕೆ ಸಿಕ್ಕಿದ ಸಂತೋಷ ಒಂದು ಗಂಟೆಯ ದಾರಿಯಲ್ಲಿ ಹಾಗೆ ಕಹಿಯಾಯಿತೆಂದರೆ, ಆ ಸಂತೋಷವನ್ನು ಕೊಡಬಾರದಾಗಿತ್ತೆ? ಕೊಡದೆ ಇದ್ದಿದ್ದರೆ ಅದು ನ್ಯಾಯವಾಗುತ್ತಿತ್ತೆ?

‘ಇದನ್ನ ಅವರ ಹತ್ರ ಹೇಳಿದ್ರಾ?’ ಎಂದು ಕೊನೆಗೆ ಕೇಳಿದೆ.

‘ಇದ್ನೆಲ್ಲ ಯಾರಾದ್ರೂ ಏಳ್ತಾರಾ?’ ಎಂದು ಅವರು ಬೆಲ್ಟು ಎಳೆದು ಮಿಲ್ಲು ಶುರು ಮಾಡಿದರು. ಆ ಸದ್ದಿನಲ್ಲಿ ಇನ್ನು ಮಾತಾಡುವ ಹಾಗಿರಲಿಲ್ಲ.

ನಾನು ಹೋಗಿ ಗಾರೆಯಣ್ಣನಿಗೆ ಹೇಳಬೇಕೇ, ಬೇಡವೇ? ಇದಕ್ಕೆ ಒಂದು ವಾರ ಒದ್ದಾಡಿದೆ. ಹೇಳಿದರೆ ಅಕ್ಕ ನನ್ನನ್ನು ನಂಬಿ ಆಡಿದ ಮಾತನ್ನು ಮಾರಿದಂತೆ. ಹೇಳದಿದ್ದರೆ ಎರಡು ಬೀದಿ ಹೀಗೇ ಉಳಿಯುತ್ತವೆ. ಅವ್ವನನ್ನು ಕೇಳಿದೆ. ‘ನೀನು ಒಂದು ಸಲ ಕೈ ಹಾಕಿ ನೋಡ್ದೆಯಲ್ಲ’ ಎಂದಳು ಅವ್ವ, ಅಷ್ಟೇ. ನಾನು ಹೇಳಲಿಲ್ಲ. ಆ ತೀರ್ಮಾನ ಸರಿಯೋ ತಪ್ಪೋ ಈಗಲೂ ತಿಳಿಯದು.

ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಕಚೇರಿಗೆ ಒಂದು ಪತ್ರ ಬಂತು. ಮೇಷ್ಟ್ರ ಕೈಬರಹ. ಸಂಘಕ್ಕೆ ಹೊಸ ಸಮಿತಿ ಆಗಿದೆ, ಅಧ್ಯಕ್ಷೆ ಕೆಳಗಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ದಯವಿಟ್ಟು ರಿಜಿಸ್ಟರ್ ಮತ್ತು ಸೀಲು ವಾಪಸ್ಸು ಕಳಿಸಿಕೊಡಬೇಕು ಎಂದಿತ್ತು. ಯಾವಾಗ ಸಭೆ ಸೇರಿದರು, ಯಾರು ಕರೆದರು, ಯಾರು ಒಪ್ಪಿಸಿದರು, ಯಾವುದೂ ಬರೆದಿರಲಿಲ್ಲ. ಸಂಯೋಜಕರು ಸಂತೋಷಪಟ್ಟು, ‘ನಿಮ್ಮ ಪ್ರಯತ್ನ ಫಲ ಕೊಟ್ಟಿತು ನೋಡಿ’ ಎಂದರು. ನಾನು ಅಲ್ಲಗಳೆಯಲು ಹೋದೆ, ಅದನ್ನು ಅವರು ವಿನಯವೆಂದುಕೊಂಡರು.

ಚೀಲ ತೆಗೆದುಕೊಂಡು ಹೋಗಿ ಹೊಸ ಅಧ್ಯಕ್ಷೆಗೆ ಒಪ್ಪಿಸಿದೆ. ಆಕೆ ಗಟ್ಟಿಗಿತ್ತಿ. ಹೊಲಿಗೆ ಮಿಷನ್ನಿನಿಂದ ಕಾಲು ತೆಗೆಯದೆಯೇ ನನ್ನಿಂದ ಇನ್ನು ಮುಂದೆ ಬೇಕಾದದ್ದು ಏನೇನು ಎಂದು ಹೇಳಿದರು. ಪುರಸಭೆಗೆ ಹೋಗುವ ಅರ್ಜಿಗಳನ್ನು ಟೈಪ್ ಮಾಡಿಸಿ ಕೊಡುವುದು, ಯಾವ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ ಎಂದು ವಿಚಾರಿಸಿ ಹೇಳುವುದು. ‘ಸಬೆ ನಾವು ಮಾಡ್ಕತೀವಿ ಮೇಡಂ. ನೀವು ಬಂದ್ರೆ ಸಂತೋಷ, ಬರ್ದಿದ್ರೂ ನಡೀತದೆ.’ ಇಷ್ಟು ಸ್ಪಷ್ಟವಾಗಿ ನನ್ನ ಕೆಲಸವನ್ನು ನನಗೆ ಯಾರೂ ಹೇಳಿರಲಿಲ್ಲ. ಸಂತೋಷಪಡಬೇಕೋ ಬೇಜಾರುಪಡಬೇಕೋ ತಿಳಿಯದೆ ಅವರು ಕೊಟ್ಟ ಮಜ್ಜಿಗೆ ಕುಡಿದೆ.

ವಾಪಸ್ಸು ಬರುವಾಗ ಮಿಲ್ಲಿನ ಮುಂದೆ ಹಾದು ಬರಬೇಕು. ಜಗಲಿಯ ಮೇಲೆ ಗಾರೆಯಣ್ಣ ಕೂತು ಟೀ ಕುಡಿಯುತ್ತಿದ್ದರು. ಮಿಲ್ಲಕ್ಕ ಬಾಗಿಲಿಗೆ ಒರಗಿ ನಿಂತು ತಮ್ಮ ಲೋಟವನ್ನು ಊದುತ್ತಿದ್ದರು. ಟೆಂಪೊದ ಟೈರಿನ ಬಗ್ಗೆಯೋ ಏನೋ ಇಬ್ಬರೂ ವಾದ ಮಾಡುತ್ತಿದ್ದರು, ಒಬ್ಬರ ಮಾತನ್ನು ಒಬ್ಬರು ಮಧ್ಯದಲ್ಲೇ ಕತ್ತರಿಸುತ್ತ. ನಾನು ನಿಂತುಬಿಟ್ಟೆ. ಅಕ್ಕ ಒಳಗೆ ಯಾರದೋ ಡಬ್ಬ ತೆಗೆದುಕೊಡಲು ಹೋದ ಸಮಯ ನೋಡಿ ಗಾರೆಯಣ್ಣನ ಪಕ್ಕ ಕೂತೆ.

‘ಅಂತೂ ಮಾತು ಶುರುವಾಯ್ತಲ್ಲ ಅಣ್ಣ, ಯಾವಾಗ ಸರಿಹೋಯ್ತು?’

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಆ ಮುಖದಲ್ಲಿ ನಟನೆಯೇನೂ ನನಗೆ ಕಾಣಲಿಲ್ಲ.

‘ಯಾರ್ ಜತೆ ಮೇಡಂ? ಅಕ್ಕನ ಜತೆನಾ? ನಾವ್ಯಾವಾಗ ಮಾತು ಬುಟ್ಟಿದ್ವಿ?’